ಬಾತ್‌ನಿಂದ ಸಾಲ್ಸ್‌ಬರಿಗೆ ಬಳಸುದಾರಿ

ಇಂಗ್ಲೆಂಡಿನಲ್ಲಿರುವ ಮಕ್ಕಳ ಮನೆಗೆ ಹೋದ ನಮ್ಮವರಿಗೆ ಒಂದು ಪ್ರವಾಸ ತಪ್ಪಿದ್ದಲ್ಲ. ಲಂಡನ್ನಿನಿಂದ ಬೆಳಗಾಗುವ ಮೊದಲೇ ಬಸ್ಸು ಹೊರಡುತ್ತದೆ, ಸ್ಟೋನ್‌ಹೆಂಜ್‌ ಕಲ್ಲುಗಳ ಮುಂದೆ ಒಂದಷ್ಟು ಹೊತ್ತು, ಬಾತ್ ನಗರದಲ್ಲಿ ಇನ್ನೊಂದಷ್ಟು ಹೊತ್ತು ನಿಲ್ಲುತ್ತದೆ, ಕತ್ತಲಾಗುವಾಗ ಮತ್ತೆ ಲಂಡನ್ನಿಗೆ ತಂದು ಬಿಡುತ್ತದೆ. ನಾನೂ ಮೊದಲ ಸಲ ನೋಡಿದ್ದು ಹಾಗೆಯೇ. ಮನೆಗೆ ಬಂದು ಫೋಟೋ ತೆಗೆದು ನೋಡಿದರೆ ಎಲ್ಲ ಇತ್ತು, ಆದರೆ ನೆನಪಿನಲ್ಲಿ ಉಳಿದದ್ದು ಬಸ್ಸಿನ ಕಿಟಕಿ ಮಾತ್ರ.

ಎರಡನೆಯ ಸಲ ಮಗಳು ಕಾರು ಓಡಿಸಿದಳು. ಬಾತ್‌ನಲ್ಲಿ ಒಂದು ರಾತ್ರಿ ಉಳಿದು, ಮರುದಿನ ಸಾಲ್ಸ್‌ಬರಿಗೆ ಹೊರಟೆವು. ಈ ಎರಡು ನಗರಗಳ ನಡುವೆ ಎ36 ಎಂಬ ನೇರ ರಸ್ತೆ ಇದೆ. ಸುಮಾರು 64 ಕಿ.ಮೀ., ಒಂದೂಕಾಲು ಗಂಟೆಯ ದಾರಿ. ನಾವು ಅದನ್ನು ಬಿಟ್ಟು ಬಿಲ್ಲಿನಂತೆ ಬಾಗಿದ ಬಳಸುದಾರಿ ಹಿಡಿದೆವು. ಅದು ಸುಮಾರು 100 ಕಿ.ಮೀ. ಆಗುತ್ತದೆ, ಇಡೀ ದಿನ ಬೇಕು. ಇಂಗ್ಲೆಂಡನ್ನು ಒಂದೇ ದಿನದಲ್ಲಿ ನೋಡಬೇಕೆಂದು ಯಾರಾದರೂ ಕೇಳಿದರೆ ನಾನು ಈಗ ಹೇಳುವುದು ಈ ದಾರಿಯನ್ನೇ. ಲಂಡನ್ನನ್ನಲ್ಲ.

ಬಾತ್ ನಗರದ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಸುಮಾರು 46 ಡಿಗ್ರಿ ಬಿಸಿಯ ಬುಗ್ಗೆಯ ನೀರಿಗೆ ರೋಮನ್ನರು ಕಟ್ಟಿದ ಸ್ನಾನಗೃಹವನ್ನು ಹಿಂದಿನ ದಿನವೇ ನೋಡಿ ಮುಗಿಸಿ. ಊರಿನ ಕಟ್ಟಡಗಳಿಗೆಲ್ಲ ಒಂದೇ ಬಣ್ಣ ಇರುವುದನ್ನು ಮಾತ್ರ ಗಮನಿಸಿ. ಬಿಸಿಲು ಬಿದ್ದಾಗ ಜೇನಿನಂತೆ, ಮೋಡ ಕವಿದಾಗ ಹಳೆಯ ದಂತದಂತೆ ಕಾಣುವ ಸುಣ್ಣಕಲ್ಲು ಅದು. ಈ ಕಲ್ಲು ಎಲ್ಲಿಂದ ಬಂತು ಎನ್ನುವುದು ಬೆಳಿಗ್ಗೆ ಎಂಟೂವರೆಗೆ ಹೊರಟ ಹತ್ತೇ ನಿಮಿಷದಲ್ಲಿ ತಿಳಿಯುತ್ತದೆ. ಎ4 ರಸ್ತೆಯಲ್ಲಿ ಪೂರ್ವಕ್ಕೆ ಹೋದರೆ ಬಾಕ್ಸ್ ಎಂಬ ಹಳ್ಳಿ ಸಿಗುತ್ತದೆ. ಅದರ ಗುಡ್ಡದ ಹೊಟ್ಟೆಯೊಳಗೆಲ್ಲ ಇದೇ ಕಲ್ಲಿನ ಗಣಿಗಳಿದ್ದವು. ಅದೇ ಗುಡ್ಡವನ್ನು ಕೊರೆದು ಬ್ರುನೆಲ್ ಎಂಬ ಎಂಜಿನಿಯರ್ ರೈಲಿಗೆ ದಾರಿ ಮಾಡಿದ. 1841ರಲ್ಲಿ ತೆರೆದ ಆ ಸುರಂಗ ಹತ್ತಿರ ಹತ್ತಿರ 3 ಕಿ.ಮೀ. ಉದ್ದವಿದೆ. ಅದರ ಪಶ್ಚಿಮದ ಬಾಯಿ ರಸ್ತೆಯಿಂದಲೇ ಕಾಣುತ್ತದೆ. ರೈಲು ನುಗ್ಗುವ ತೂತಿಗೆ ಅರಮನೆಯ ಬಾಗಿಲಿನಷ್ಟು ಸಿಂಗಾರ ಮಾಡಿದ್ದಾರೆ. ಇಳಿಯಬೇಕಾಗಿಲ್ಲ, ನಿಧಾನ ಮಾಡಿದರೆ ಸಾಕು.

ಲೇಕಾಕ್: ಒಬ್ಬ ಹೆಣ್ಣುಮಗಳ ಮಠ

ಬಾತ್‌ನಿಂದ ಅರ್ಧ ಗಂಟೆಯ ದೂರದಲ್ಲಿ ಲೇಕಾಕ್ ಇದೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮುಟ್ಟಿದರೆ ಬೀದಿಗಳು ನಿಮ್ಮವೇ. ಹನ್ನೊಂದರ ನಂತರ ಬಸ್ಸುಗಳು ಬರುತ್ತವೆ. ಕಾರನ್ನು ಹಳ್ಳಿಯ ಹೊರಗಿನ ಪಾರ್ಕಿಂಗ್‌ನಲ್ಲೇ ಬಿಡಿ, ಒಳಗೆ ನಡೆದುಹೋಗಲು ಐದು ನಿಮಿಷವೂ ಬೇಡ. ನಾಲ್ಕೇ ನಾಲ್ಕು ಬೀದಿಗಳ ಊರು. ಮರದ ಚೌಕಟ್ಟಿನ ಮನೆಗಳು ವಯಸ್ಸಾದವರಂತೆ ಒಂದಕ್ಕೊಂದು ಒರಗಿ ನಿಂತಿವೆ. ತಲೆಯ ಮೇಲೆ ವಿದ್ಯುತ್ ತಂತಿಯಿಲ್ಲ, ಛಾವಣಿಗಳ ಮೇಲೆ ಟಿವಿ ಆಂಟೆನಾ ಇಲ್ಲ. ಹಾಗಾಗಿಯೇ ಸಿನಿಮಾದವರು ಇಲ್ಲಿಗೆ ಓಡಿಬರುತ್ತಾರೆ. ಬಿಬಿಸಿಯ 1995ರ 'ಪ್ರೈಡ್ ಅಂಡ್ ಪ್ರೆಜುಡಿಸ್' ಧಾರಾವಾಹಿಯ ಪೇಟೆಬೀದಿ ಇದೇ. ಹ್ಯಾರಿ ಪಾಟರ್ ಚಿತ್ರಗಳ ಶಾಲೆಯ ಕೆಲವು ದೃಶ್ಯಗಳನ್ನು ಇಲ್ಲಿನ ಮಠದ ಕಮಾನಿನ ಪಡಸಾಲೆಯಲ್ಲಿ ತೆಗೆದಿದ್ದಾರೆ. ಮೊಮ್ಮಕ್ಕಳು ಜೊತೆಗಿದ್ದರೆ ಈ ಒಂದು ಮಾತು ಸಾಕು, ಅವರೇ ನಿಮ್ಮನ್ನು ಎಳೆದುಕೊಂಡು ಹೋಗುತ್ತಾರೆ. ಒಂದು ವಿನಂತಿ: ಈ ಮನೆಗಳಲ್ಲಿ ಜನ ಸಂಸಾರ ಮಾಡಿಕೊಂಡಿದ್ದಾರೆ. ಕಿಟಕಿಯೊಳಗೆ ಇಣುಕಬೇಡಿ, ಬಾಗಿಲ ಮೆಟ್ಟಿಲ ಮೇಲೆ ಕೂತು ಫೋಟೋ ತೆಗೆಸಿಕೊಳ್ಳಬೇಡಿ.

ಊರಿನ ಅಂಚಿನಲ್ಲಿರುವ ಲೇಕಾಕ್ ಮಠವನ್ನು 1232ರಲ್ಲಿ ಸ್ಥಾಪಿಸಿದವಳು ಎಲಾ, ಸಾಲ್ಸ್‌ಬರಿಯ ಕೌಂಟೆಸ್. ಇವಳ ಹೆಸರನ್ನು ನೆನಪಿಟ್ಟುಕೊಳ್ಳಿ, ದಾರಿಯ ಕೊನೆಯಲ್ಲಿ ಮತ್ತೆ ಸಿಗುತ್ತಾಳೆ. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು ದೊಡ್ಡ ಆಸ್ತಿಗೆ ವಾರಸುದಾರಳಾದಳು. ಕಿಂಗ್ ಜಾನ್‌ನ ಮಲತಮ್ಮ ವಿಲಿಯಂ ಲಾಂಗೆಸ್ಪಿಗೆ ಅವಳನ್ನು ಮದುವೆ ಮಾಡಿಕೊಟ್ಟರು. ಒಮ್ಮೆ ವಿಲಿಯಂ ಫ್ರಾನ್ಸಿನಿಂದ ಮರಳುವಾಗ ಹಡಗು ಬಿರುಗಾಳಿಗೆ ಸಿಕ್ಕಿ ತಿಂಗಳುಗಟ್ಟಲೆ ಸುದ್ದಿಯೇ ಇರಲಿಲ್ಲ. ಸತ್ತನೆಂದೇ ಊರೆಲ್ಲ ನಂಬಿತು. ಆಸ್ತಿಯ ಮೇಲೆ ಕಣ್ಣಿಟ್ಟಿದ್ದ ಅಧಿಕಾರಸ್ಥರೊಬ್ಬರು ತಮ್ಮ ಮನೆತನದ ಹುಡುಗನನ್ನು ಮರುಮದುವೆಗೆ ಕಳಿಸಿದರು. ನನ್ನ ಗಂಡ ಬದುಕಿದ್ದಾನೆ ಎಂದು ಎಲಾ ಅವನನ್ನು ಹಿಂದಕ್ಕೆ ಅಟ್ಟಿದಳು. ವಿಲಿಯಂ ನಿಜವಾಗಿಯೂ ಬದುಕಿ ಬಂದ. ಆದರೆ ಹೆಚ್ಚು ದಿನ ಉಳಿಯಲಿಲ್ಲ, 1226ರಲ್ಲಿ ತೀರಿಕೊಂಡ. ಅವಳು ಮತ್ತೆ ಮದುವೆಯಾಗಲಿಲ್ಲ. ವಿಲ್ಟ್‌ಶೈರ್ ಜಿಲ್ಲೆಯ ಶೆರಿಫ್ ಆಗಿ ಆಡಳಿತ ನಡೆಸಿದಳು. ಆ ಕಾಲದಲ್ಲಿ ಹೆಣ್ಣೊಬ್ಬಳು ಆ ಹುದ್ದೆಯಲ್ಲಿ ಕೂರುವುದು ಬಹಳ ಅಪರೂಪ. ಆಮೇಲೆ ಸನ್ಯಾಸಿನಿಯರಿಗಾಗಿ ಈ ಮಠ ಕಟ್ಟಿಸಿ, ತಾನೂ ದೀಕ್ಷೆ ಪಡೆದು, ಇಲ್ಲಿನ ಮುಖ್ಯಸ್ಥೆಯಾದಳು. 1261ರಲ್ಲಿ ಇಲ್ಲೇ ಮಣ್ಣಾದಳು. ಅವಳ ಸಮಾಧಿಯ ಕಲ್ಲು ಪಡಸಾಲೆಯಲ್ಲಿದೆ. ಹ್ಯಾರಿ ಪಾಟರ್ ಹುಡುಕುತ್ತ ಬಂದವರು ಅದರ ಪಕ್ಕದಲ್ಲೇ ನಡೆದುಹೋಗುತ್ತಾರೆ. ನೀವು ಒಂದು ನಿಮಿಷ ನಿಲ್ಲಿ.

ಮಠ ಮುಂದೆ ಟಾಲ್ಬಟ್ ಮನೆತನದ ವಾಸದ ಮನೆಯಾಯಿತು. ಆ ಮನೆಯ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1835ರ ಆಗಸ್ಟ್ ತಿಂಗಳಲ್ಲಿ ಸಣ್ಣದೊಂದು ಮರದ ಪೆಟ್ಟಿಗೆಯನ್ನು ಕಿಟಕಿಯೊಂದರ ಎದುರು ಇಟ್ಟು, ಬೆಳ್ಳಿಯ ಲವಣ ಸವರಿದ ಕಾಗದದ ಮೇಲೆ ಅದರ ಪಡಿಯಚ್ಚು ಮೂಡಿಸಿದ. ಅಂಚೆಚೀಟಿಗಿಂತ ತುಸು ದೊಡ್ಡದಾದ ಆ ಕಾಗದವೇ ಇಂದಿಗೂ ಉಳಿದಿರುವ ಅತಿ ಹಳೆಯ ನೆಗೆಟಿವ್. ಹೊಸದಾಗಿದ್ದಾಗ ಭೂತಗನ್ನಡಿ ಹಿಡಿದರೆ ಕಿಟಕಿಯ ಸುಮಾರು 200 ಗಾಜುಗಳನ್ನು ಎಣಿಸಬಹುದಿತ್ತೆಂದು ಟಾಲ್ಬಟ್ ಅದರ ಪಕ್ಕದಲ್ಲೇ ಬರೆದಿಟ್ಟಿದ್ದಾನೆ. ಒಂದು ನೆಗೆಟಿವ್‌ನಿಂದ ಎಷ್ಟು ಬೇಕಾದರೂ ಪ್ರತಿ ತೆಗೆಯುವ ವಿದ್ಯೆ ಬೆಳೆದದ್ದು ಇವನ ಕೈಯಲ್ಲಿ. ನಮ್ಮ ಮನೆಗಳ ಗೋಡೆಯ ಮೇಲಿನ ಅಜ್ಜ ಅಜ್ಜಿಯರ ಕಪ್ಪುಬಿಳುಪು ಫೋಟೋಗಳ ಮೂಲ ಇಲ್ಲಿದೆ. ಆ ಕಿಟಕಿ ಈಗಲೂ ಅಲ್ಲೇ ಇದೆ. ಬೆಳಕು ಅದೇ ಗಾಜಿನ ಚೌಕಗಳ ಮೂಲಕ ಒಳಗೆ ಬೀಳುತ್ತದೆ. ಮಗಳು ಮೊಬೈಲಿನಲ್ಲಿ ಅದರ ಚಿತ್ರ ತೆಗೆದಳು, ನಾನು ಬೇಕೆಂದೇ ತೆಗೆಯಲಿಲ್ಲ.

ಹಳ್ಳಿ ಮತ್ತು ಮಠ ಎರಡನ್ನೂ 1944ರಲ್ಲಿ ಮಟಿಲ್ಡಾ ಟಾಲ್ಬಟ್ ಎಂಬಾಕೆ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ದಾನ ಕೊಟ್ಟರು. ಹಳ್ಳಿಯಲ್ಲಿ ತಿರುಗಾಡಲು ದುಡ್ಡಿಲ್ಲ, ಮಠಕ್ಕೂ ಛಾಯಾಚಿತ್ರ ಮ್ಯೂಸಿಯಂಗೂ ಸೇರಿ ಟಿಕೆಟ್ ಇದೆ. ಬಾಗಿಲು ತೆರೆಯುವ ಹೊತ್ತು ಕಾಲಕ್ಕೆ ತಕ್ಕಂತೆ ಬದಲಾಗುವುದರಿಂದ ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಎರಡು ಗಂಟೆ ಇಲ್ಲಿಗೆ ಎತ್ತಿಡಿ.

ಬ್ರಾಡ್‌ಫರ್ಡ್: ಕಣಜ ಮತ್ತು ಕಳೆದುಹೋಗಿದ್ದ ಚರ್ಚು

ಅಲ್ಲಿಂದ ಮೆಲ್ಕ್ಷಮ್ ದಾಟಿ ನೈಋತ್ಯಕ್ಕೆ ಅರ್ಧ ಗಂಟೆ ಹೋದರೆ ಬ್ರಾಡ್‌ಫರ್ಡ್ ಆನ್ ಏವನ್. ನಕ್ಷೆಯಲ್ಲಿ ಹುಡುಕುವಾಗ ಪೂರ್ತಿ ಹೆಸರು ಹಾಕಿ. ಬರೀ ಬ್ರಾಡ್‌ಫರ್ಡ್ ಎಂದರೆ ಉತ್ತರದ ಯಾರ್ಕ್‌ಷೈರಿನ ದೊಡ್ಡ ಊರಿಗೆ ದಾರಿ ತೋರಿಸುತ್ತದೆ. ಏವನ್ ಎಂದರೆ ಈ ನೆಲದ ಹಳೆಯ ಕೆಲ್ಟಿಕ್ ಮಾತಿನಲ್ಲಿ ಹೊಳೆ ಎಂದಷ್ಟೇ ಅರ್ಥ. ನಮ್ಮ ಹಳ್ಳಿಗಳಲ್ಲೂ ಹೊಳೆಗೆ ಹೆಸರಿದ್ದರೂ ಯಾರೂ ಹೆಸರು ಹಿಡಿದು ಕರೆಯುವುದಿಲ್ಲವಲ್ಲ, ಹಾಗೆ. ಸಾಲ್ಸ್‌ಬರಿಯಲ್ಲಿಯೂ ಒಂದು ಏವನ್ ಸಿಗುತ್ತದೆ, ಅದು ಬೇರೆ ಹೊಳೆ. ಇದು ಪಶ್ಚಿಮಕ್ಕೆ ಬ್ರಿಸ್ಟಲ್ ಕಡೆ ಹರಿದರೆ ಅದು ದಕ್ಷಿಣದ ಕಡಲಿಗೆ ಇಳಿಯುತ್ತದೆ.

ಉಣ್ಣೆಬಟ್ಟೆಯ ವ್ಯಾಪಾರದಿಂದ ಬೆಳೆದ ಊರು ಇದು. ಗುಡ್ಡದ ಮೈಗೆ ಸಾಲು ಸಾಲಾಗಿ ನೇಕಾರರ ಮನೆಗಳು. ಹೊಳೆಗೆ ಕಲ್ಲಿನ ಸೇತುವೆ, ಅದರ ನಡುವೆ ಒಂದು ಪುಟ್ಟ ಕಲ್ಲಿನ ಗೂಡು. ಹಿಂದೆ ಅದು ಪ್ರಾರ್ಥನೆಯ ಗುಡಿಯಾಗಿತ್ತು, ಆಮೇಲೆ ಕುಡಿದು ಗಲಾಟೆ ಮಾಡಿದವರನ್ನು ರಾತ್ರಿ ಕೂಡಿಹಾಕುವ ಕೋಣೆಯಾಯಿತು. ರೈಲು ನಿಲ್ದಾಣದ ಪಕ್ಕದ ಪಾರ್ಕಿಂಗ್‌ನಲ್ಲಿ ಕಾರು ಬಿಟ್ಟರೆ ಎಲ್ಲವೂ ನಡಿಗೆಯ ದೂರದಲ್ಲಿದೆ.

ಎರಡನ್ನು ಮಾತ್ರ ತಪ್ಪಿಸಬೇಡಿ. ಮೊದಲನೆಯದು ಚರ್ಚು. ಸೇಂಟ್ ಲಾರೆನ್ಸ್ ಹೆಸರಿನ ಈ ಚಿಕ್ಕ ಕಟ್ಟಡಕ್ಕೆ ಸಾವಿರ ವರ್ಷ ವಯಸ್ಸು. ಊರಿನವರು ಅದನ್ನು ಮರೆತೇಬಿಟ್ಟಿದ್ದರು. ಅಕ್ಕಪಕ್ಕದ ಮನೆಗಳ ನಡುವೆ ಹೂತುಹೋಗಿ, ಶಾಲೆಯಾಗಿ, ವಾಸದ ಮನೆಯಾಗಿ ಬಳಕೆಯಾಗುತ್ತಿತ್ತು. 1856ರಲ್ಲಿ ಊರಿನ ಪಾದ್ರಿ ವಿಲಿಯಂ ಜೋನ್ಸ್ ಅದು ಏನೆಂದು ಗುರುತು ಹಿಡಿದರು. ಒಳಗೆ ಕಾಲಿಟ್ಟರೆ ಅಗಲಕ್ಕಿಂತ ಎತ್ತರವೇ ಹೆಚ್ಚೆನಿಸುವ ಗೋಡೆಗಳು, ಹಲಗೆಯಷ್ಟು ಅಗಲದ ಬೆಳಕು, ಮೇಲೆ ರೆಕ್ಕೆ ಚಾಚಿ ಹಾರುತ್ತಿರುವ ಎರಡು ದೇವದೂತರ ಕೆತ್ತನೆ. ನಮ್ಮ ಹಳ್ಳಿಗಳ ಹೊಲದ ಬದುವಿನಲ್ಲಿ ಬಸದಿಯೊಂದು ದನದ ಕೊಟ್ಟಿಗೆಯಾಗಿ ನಿಂತಿರುವುದನ್ನು ಕಂಡವರಿಗೆ ಇಲ್ಲಿ ಮಾತು ಹೊರಡುವುದಿಲ್ಲ.

ಎರಡನೆಯದು ಕಣಜ. ಹೊಳೆಯ ದಂಡೆಯುದ್ದಕ್ಕೂ ಹತ್ತು ನಿಮಿಷ ನಡೆದರೆ 14ನೆಯ ಶತಮಾನದ ಧಾನ್ಯದ ಕಣಜವೊಂದು ಸಿಗುತ್ತದೆ. ಶಾಫ್ಟ್ಸ್‌ಬರಿಯ ಸನ್ಯಾಸಿನಿಯರ ಮಠಕ್ಕೆ ಸೇರಿದ ಹೊಲಗಳ ಬೆಳೆ ಬಂದು ಬೀಳುತ್ತಿದ್ದ ಜಾಗ. ಉದ್ದ 51 ಮೀಟರ್. ಕಲ್ಲಿನ ಹೆಂಚು ಹೊದಿಸಿದ ಛಾವಣಿಯ ತೂಕವೇ 100 ಟನ್ ಎನ್ನುತ್ತಾರೆ. ಅಷ್ಟನ್ನೂ ಹೊತ್ತಿರುವುದು ಬಾಗಿದ ಓಕ್ ಮರದ ತೊಲೆಗಳು. ಒಳಗೆ ಏನೂ ಇಲ್ಲ, ಫಲಕಗಳ ಗದ್ದಲವಿಲ್ಲ, ಟಿಕೆಟ್ ಇಲ್ಲ. ಬಾಗಿಲಿಗೆ ಎದುರಾಗಿ ಇನ್ನೊಂದು ಬಾಗಿಲು. ರಾಶಿ ಬಡಿಯುವಾಗ ಗಾಳಿ ಹಾದು ಹೊಟ್ಟು ತೂರಿಹೋಗಲಿ ಎಂದು. ಕಣ ಮಾಡಿ ಗೊತ್ತಿರುವ ನಮ್ಮ ರೈತರನ್ನು ಇಲ್ಲಿ ನಿಲ್ಲಿಸಿದರೆ ಯಾರೂ ವಿವರಿಸಬೇಕಾಗಿಲ್ಲ.

ಊಟಕ್ಕೆ ಇದೇ ಸರಿಯಾದ ಊರು. ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಸಿಪ್ಪೆಸಮೇತ ಸುಟ್ಟ ದೊಡ್ಡ ಆಲೂಗಡ್ಡೆಗೆ ಚೀಸ್ ಅಥವಾ ಬೀನ್ಸ್ ಹಾಕಿ ಕೊಡುವ ಜಾಕೆಟ್ ಪೊಟೇಟೊ ಎಲ್ಲ ಕೆಫೆಗಳಲ್ಲೂ ಸಿಗುತ್ತದೆ. ದಿನದ ಸೂಪು ಯಾವುದೆಂದು ಕೇಳಿ, ಮಾಂಸದ ಸಾರು ಹಾಕಿದ್ದಾರೆಯೇ ಎಂದೂ ಕೇಳಿ, ಅವರು ಬೇಸರಪಡುವುದಿಲ್ಲ. ಆದರೆ ಒಂದು ಎಚ್ಚರ: ಹಳ್ಳಿಯ ಪಬ್ಬುಗಳಲ್ಲಿ ಅಡುಗೆಮನೆ ಮಧ್ಯಾಹ್ನ ಎರಡು, ಎರಡೂವರೆಗೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆಗೇ. ನಮ್ಮಂತೆ ಮೂರು ಗಂಟೆಗೆ ಊಟ ಕೇಳಿದರೆ ಆಲೂಗಡ್ಡೆ ಚಿಪ್ಸ್ ಪೊಟ್ಟಣ ಕೈಗೆ ಬರುತ್ತದೆ. ನಾವು ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆವು, ಕಣಜದ ಹೊರಗಿನ ಹುಲ್ಲಿನ ಮೇಲೆ ಕೂತು ತಿಂದೆವು. ಅದಕ್ಕಿಂತ ಒಳ್ಳೆಯ ಊಟದ ಜಾಗ ಆ ಪ್ರವಾಸದಲ್ಲಿ ಸಿಗಲಿಲ್ಲ.

ಬಿಳಿ ಕುದುರೆ, ಬಯಲು

ಮುಂದಿನದು ಚಿಕ್ಕ ನಿಲುಗಡೆ. ವೆಸ್ಟ್‌ಬರಿ ಊರಿನ ಮೇಲಿನ ಗುಡ್ಡದ ಇಳಿಜಾರಿನಲ್ಲಿ ದೊಡ್ಡದೊಂದು ಬಿಳಿ ಕುದುರೆ ನಿಂತಿದೆ. ಇಲ್ಲಿಂದ ಮುಂದೆ ನೆಲದ ಗುಣವೇ ಬದಲಾಗುತ್ತದೆ. ಜೇನುಬಣ್ಣದ ಕಲ್ಲು ಮುಗಿದು, ಹುಲ್ಲು ಕೆರೆದರೆ ಬಿಳುಪು ಕಾಣುವ ಸೀಮೆಸುಣ್ಣದ ನೆಲ ಶುರುವಾಗುತ್ತದೆ. ಹಾಗೆ ಕೆರೆದು ಬಿಡಿಸಿದ ಚಿತ್ರವೇ ಈ ಕುದುರೆ. ಎತ್ತರ ಸುಮಾರು 55 ಮೀಟರ್. 878ರಲ್ಲಿ ರಾಜ ಆಲ್ಫ್ರೆಡ್ ಡೇನರನ್ನು ಸೋಲಿಸಿದ ನೆನಪಿಗೆ ಮಾಡಿದ್ದೆಂಬ ನಂಬಿಕೆ ಜನರಲ್ಲಿದೆ, ಆದರೆ ಈಗ ಕಾಣುವ ಆಕಾರ 1778ರದ್ದು. ಕಳೆದ ಶತಮಾನದಲ್ಲಿ ಕಾಂಕ್ರೀಟ್ ಹೊಯ್ದು ಬಿಳಿ ಬಣ್ಣ ಬಳಿದಿದ್ದಾರೆ.

ಬಹಳ ಜನ ಮಾಡುವ ತಪ್ಪೆಂದರೆ ನೇರ ಗುಡ್ಡದ ಮೇಲಕ್ಕೆ ಹೋಗುವುದು. ಮೇಲಿನಿಂದ ಕುದುರೆಯ ಬೆನ್ನು ಮಾತ್ರ ಕಾಣುತ್ತದೆ. ಮೊದಲು ಕೆಳಗೆ ವೆಸ್ಟ್‌ಬರಿಯಿಂದ ಬ್ರಾಟನ್ ಕಡೆಗೆ ಹೋಗುವ ಬಿ3098 ರಸ್ತೆಯ ಬದಿಯಲ್ಲಿ ನಿಂತು ಪೂರ್ತಿ ನೋಡಿ, ಆಮೇಲೆ ಮೇಲೆ ಹತ್ತಿ. ತುದಿಯಲ್ಲಿ ಉಚಿತ ಪಾರ್ಕಿಂಗ್ ಇದೆ, ಕಬ್ಬಿಣಯುಗದ ಕೋಟೆಯ ಮಣ್ಣಿನ ದಿಬ್ಬಗಳಿವೆ, ಗಾಳಿ ಇದೆ. ಬೇಸಿಗೆಯಲ್ಲೂ ಸ್ವೆಟರ್ ಬೇಕು.

ದಕ್ಷಿಣಕ್ಕೆ ಕಾಣುವ ಜನವಸತಿ ಇಲ್ಲದ ಬಯಲು ಸಾಲ್ಸ್‌ಬರಿ ಪ್ಲೇನ್. ಅದರ ಬಹುಭಾಗ ಸೈನ್ಯದ ತರಬೇತಿಯ ನೆಲ. ಅಲ್ಲಿ ಇಂಬರ್ ಎಂಬ ಹಳ್ಳಿಯಿತ್ತು. 1943ರಲ್ಲಿ ಯುದ್ಧದ ತಾಲೀಮಿಗೆಂದು ಊರವರನ್ನೆಲ್ಲ ಎಬ್ಬಿಸಿದರು. ಯುದ್ಧ ಮುಗಿದ ಮೇಲೂ ಅವರಿಗೆ ಮರಳಿ ಬಂದು ಬದುಕಲು ಬಿಡಲಿಲ್ಲ. ವರ್ಷದಲ್ಲಿ ಕೆಲವೇ ದಿನ ಆ ಹಳ್ಳಿಯ ದಾರಿ ತೆರೆಯುತ್ತಾರೆ. ಕೆಂಪು ಬಾವುಟ ಹಾರುತ್ತಿರುವ ಕಡೆ ಕಾರು ತಿರುಗಿಸಬೇಡಿ.

ಈ ನಡುವೆ ಲಾಂಗ್‌ಲೀಟ್ ಸಫಾರಿಯ ಮತ್ತು ಸ್ಟೌರ್‌ಹೆಡ್ ತೋಟದ ಫಲಕಗಳು ಕರೆಯುತ್ತವೆ. ಎರಡೂ ಒಳ್ಳೆಯವೇ. ಕಾರಿನಲ್ಲೇ ಕೂತು ಸಿಂಹ ನೋಡುವ ಸಫಾರಿ 1966ರಿಂದ ನಡೆಯುತ್ತಿದೆ, ಸ್ಟೌರ್‌ಹೆಡ್‌ನ ಕೆರೆಯ ಸುತ್ತಿನ ತೋಟ ಶರತ್ಕಾಲದಲ್ಲಿ ಬೆಂಕಿ ಹತ್ತಿದಂತೆ ಇರುತ್ತದೆ. ಆದರೆ ಎರಡಕ್ಕೂ ಬೇರೆ ದಿನವೇ ಬೇಕು. ಈ ದಿನಕ್ಕೆ ಸೇರಿಸಿದರೆ ಉಳಿದದ್ದೆಲ್ಲ ಕೆಡುತ್ತದೆ.

ಸ್ಟೋನ್‌ಹೆಂಜ್ ಮುಂದೆ ಟೇಲರ್ ಸಾಹೇಬರು

ವಾರ್‌ಮಿನ್‌ಸ್ಟರ್ ದಾಟಿದ ಮೇಲೆ ಎರಡು ದಾರಿ. ಎ36ರಲ್ಲೇ ವೈಲಿ ಹೊಳೆಯ ಜೊತೆ ಹೋಗಿ ಎ303 ಸೇರುವುದು ಒಂದು. ಅದರಲ್ಲಿ ಕಾಡ್‌ಫರ್ಡ್ ಹತ್ತಿರದ ಗುಡ್ಡದ ಮೇಲೆ ಮೊದಲ ಮಹಾಯುದ್ಧದ ಆಸ್ಟ್ರೇಲಿಯಾ ಸೈನಿಕರು ಕೆತ್ತಿದ ಉದಯಸೂರ್ಯನ ಲಾಂಛನ ಕಾಣುತ್ತದೆ. ಆದರೆ ಎ303 ಕಲ್ಲುಗಳ ಹತ್ತಿರ ಬರುವಾಗ ಒಂಟಿ ರಸ್ತೆಯಾಗಿ ಕಿರಿದಾಗುತ್ತದೆ. ಶುಕ್ರವಾರ ಮಧ್ಯಾಹ್ನ ಮತ್ತು ಬೇಸಿಗೆ ರಜೆಯಲ್ಲಿ ವಾಹನಗಳು ತೆವಳುತ್ತವೆ. ಇದಕ್ಕೆ ಸುರಂಗ ಕೊರೆಯುವ ಯೋಜನೆಯನ್ನು ಸರಕಾರ 2024ರಲ್ಲಿ ಕೈಬಿಟ್ಟಿತು. ಹಾಗಾಗಿ ನಾನು ಹೇಳುವುದು ಎರಡನೆಯ ದಾರಿ: ಹೇಟ್ಸ್‌ಬರಿ ದಾಟಿದ ಕೂಡಲೇ ಎಡಕ್ಕೆ ಬಿ390 ಹಿಡಿದು ಚಿಟರ್ನ್ ಹಳ್ಳಿಯ ಮೂಲಕ ಬಯಲನ್ನು ಹಾದುಹೋಗುವುದು. ಟ್ಯಾಂಕುಗಳು ರಸ್ತೆ ದಾಟುತ್ತವೆ, ಎಚ್ಚರ ಎಂಬ ಫಲಕಗಳಿರುತ್ತವೆ. ಎದುರು ವಾಹನ ಕಡಿಮೆ, ಆಕಾಶ ಹೆಚ್ಚು.

ಸ್ಟೋನ್‌ಹೆಂಜ್‌ಗೆ ಹೊತ್ತು ಗೊತ್ತುಪಡಿಸಿದ ಟಿಕೆಟ್. ಮುಂಚೆಯೇ ತೆಗೆದುಕೊಂಡರೆ ಅಗ್ಗ. ಮಧ್ಯಾಹ್ನ ಮೂರರ ಹೊತ್ತು ಹಿಡಿಯಿರಿ, ಬಾತ್‌ನ ಬಸ್ಸುಗಳು ಅಷ್ಟರಲ್ಲಿ ಹೊರಟಿರುತ್ತವೆ, ಬಿಸಿಲು ಓರೆಯಾಗಿ ಕಲ್ಲುಗಳ ನೆರಳು ಉದ್ದವಾಗುತ್ತದೆ. ಕಾರು ನಿಲ್ಲಿಸುವ ಸ್ವಾಗತ ಕೇಂದ್ರ ಕಲ್ಲುಗಳಿಂದ ಸುಮಾರು ಎರಡೂವರೆ ಕಿ.ಮೀ. ದೂರದಲ್ಲಿದೆ, ಅಲ್ಲಿಂದ ಬಸ್ಸು ಬಿಡುತ್ತಾರೆ. ಕಾಲು ಗಟ್ಟಿಯಿರುವವರು ಹೋಗುವಾಗ ನಡೆದೇ ಹೋಗಿ. ಬಯಲಿನಲ್ಲಿ ಹಳೆಯ ಸಮಾಧಿದಿಬ್ಬಗಳ ನಡುವೆ ಕಲ್ಲುಗಳು ಸ್ವಲ್ಪ ಸ್ವಲ್ಪವೇ ಮೇಲೇಳುವುದನ್ನು ನೋಡಬೇಕು. ಬಸ್ಸಿನಲ್ಲಿ ಹೋದರೆ ಅದು ಸಿಗುವುದಿಲ್ಲ. ಕಲ್ಲುಗಳನ್ನು ಮುಟ್ಟಲು ಬಿಡುವುದಿಲ್ಲ, ಸುತ್ತಲ ಹಾದಿಯಿಂದಲೇ ನೋಡಬೇಕು. ವೃತ್ತದ ಒಳಗೆ ಹೋಗಲೇಬೇಕೆನ್ನುವವರಿಗೆ ಬೆಳಗಿನ ಜಾವ ಅಥವಾ ಸಂಜೆ ಬಾಗಿಲು ಮುಚ್ಚಿದ ಮೇಲೆ ಬೇರೆ ಟಿಕೆಟ್ ಇದೆ, ಬಹಳ ಮೊದಲೇ ಕಾದಿರಿಸಬೇಕು.

ಮೊದಲ ನೋಟಕ್ಕೆ ಕಲ್ಲುಗಳು ಸಣ್ಣವೆನಿಸಿ ನಿರಾಶೆಯಾಗುವುದುಂಟು. ಅವು ಬಂದ ದಾರಿ ತಿಳಿದರೆ ಕಣ್ಣು ಬದಲಾಗುತ್ತದೆ. ಹೊರವೃತ್ತದ ದೊಡ್ಡ ಸಾರ್ಸನ್ ಕಲ್ಲುಗಳನ್ನು ಕ್ರಿ.ಪೂ. 2500ರ ಸುಮಾರಿಗೆ ನಿಲ್ಲಿಸಿದರು. ಒಂದೊಂದೂ 20 ಟನ್ನಿನ ಆಸುಪಾಸು. ಅವುಗಳಲ್ಲಿ ಹೆಚ್ಚಿನವು ಉತ್ತರಕ್ಕೆ 25 ಕಿ.ಮೀ. ದೂರದ ಕಾಡಿನಿಂದ ಬಂದವೆಂದು 2020ರಲ್ಲಿ ತಿಳಿಯಿತು. ಒಳಗಿನ ಚಿಕ್ಕ ನೀಲಿಗಲ್ಲುಗಳು ವೇಲ್ಸ್‌ನ ಪ್ರೆಸೆಲಿ ಗುಡ್ಡಗಳವು, ಅದು 200 ಕಿ.ಮೀ.ಗೂ ಆಚೆ. ನಡುವಿನಲ್ಲಿ ಮಲಗಿರುವ ಆರು ಟನ್ನಿನ ಬಲಿಪೀಠದ ಕಲ್ಲು ಸ್ಕಾಟ್ಲೆಂಡಿನ ಈಶಾನ್ಯದಿಂದ ಬಂತೆಂಬುದು 2024ರಲ್ಲಿ ಹೊರಬಿದ್ದ ಸಂಗತಿ, ಕನಿಷ್ಠ 750 ಕಿ.ಮೀ. ಗಾಲಿಯ ಬಂಡಿ ಇಲ್ಲದ ಜನ ಇದನ್ನು ಮಾಡಿದರು. ತೊಲೆಗಲ್ಲುಗಳನ್ನು ಕೂರಿಸಿದ ಬಗೆಯನ್ನೂ ನೋಡಿ. ನಿಂತ ಕಲ್ಲಿನ ತಲೆಯ ಮೇಲೆ ಗುಬ್ಬಿ ಬಿಟ್ಟು ಕೆತ್ತಿದ್ದಾರೆ, ಮೇಲಿನ ಕಲ್ಲಿನ ತಳದಲ್ಲಿ ಅದಕ್ಕೆ ಸರಿಯಾಗಿ ಕುಳಿ ತೋಡಿದ್ದಾರೆ. ಮರಗೆಲಸದವರ ಜೋಡಣೆ ಇದು, ಕಲ್ಲಿನಲ್ಲಿ ಮಾಡಿದ್ದಾರೆ. ಮೇಲುಕಲ್ಲು ಬಿದ್ದುಹೋದ ಒಂದು ಎತ್ತರದ ಕಂಬದ ತುದಿಯಲ್ಲಿ ಆ ಗುಬ್ಬಿ ಬರಿಗಣ್ಣಿಗೇ ಕಾಣುತ್ತದೆ.

ಅಲ್ಲಿ ನಿಂತಾಗ ನನಗೆ ನೆನಪಾದವರು ಸುರಪುರದ ಟೇಲರ್ ಸಾಹೇಬರು. ಕರ್ನಲ್ ಫಿಲಿಪ್ ಮೆಡೋಸ್ ಟೇಲರ್ 19ನೆಯ ಶತಮಾನದ ನಡುಭಾಗದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದಾಗ ಸುತ್ತಲ ಹಳ್ಳಿಗಳ ಬೃಹತ್ ಶಿಲಾ ಸಮಾಧಿಗಳನ್ನು ಅಗೆಸಿ, ಅಳೆದು, ಚಿತ್ರ ಬರೆದು ದಾಖಲಿಸಿದರು. ಬ್ರಿಟನ್ನಿನ ಶಿಲಾ ಸ್ಮಾರಕಗಳಿಗೂ ದಖ್ಖನ್ನಿನವಕ್ಕೂ ಇರುವ ಹೋಲಿಕೆ ಅವರನ್ನು ಬಿಡದೆ ಕಾಡಿತು. ಎರಡನ್ನೂ ಕಟ್ಟಿದ್ದು ಒಂದೇ ಕುಲದ ಜನವಿರಬೇಕೆಂಬ ಆ ಕಾಲದ ಊಹೆ ನಿಲ್ಲಲಿಲ್ಲ, ನಮ್ಮ ಸಮಾಧಿಗಳು ಸ್ಟೋನ್‌ಹೆಂಜ್‌ಗಿಂತ ಎಷ್ಟೋ ಶತಮಾನ ಈಚಿನವು. ಆದರೆ ಕೃಷ್ಣಾ ತೀರದ ಹೊಲದಲ್ಲಿ ನಿಂತ ಕಲ್ಲನ್ನು ಇಲ್ಲಿನ ಕಲ್ಲಿನಷ್ಟೇ ಗೌರವದಿಂದ ಕಂಡವರು ಅವರು. ಇಂಥವೇ ಶಿಲಾ ಸಮಾಧಿಗಳಿರುವ ನಮ್ಮ ಹಿರೇಬೆಣಕಲ್ಲಿನ ಗುಡ್ಡ ಹತ್ತದೆ ಸ್ಟೋನ್‌ಹೆಂಜ್ ನೋಡಿ ಬಂದವರು ಊರಿಗೆ ಮರಳಿದ ಮೇಲೆ ಅದನ್ನೂ ಹತ್ತಲಿ ಎಂಬುದು ನನ್ನ ಆಸೆ.

ಒಂದು ಮಾತು ಮಕ್ಕಳಿಗೆ ಹೇಳಿ. 1915ರಲ್ಲಿ ಈ ಕಲ್ಲುಗಳು ಸಾಲ್ಸ್‌ಬರಿಯಲ್ಲಿ ಹರಾಜಾದವು. ಸೆಸಿಲ್ ಚಬ್ ಎಂಬ ಸ್ಥಳೀಯ 6,600 ಪೌಂಡಿಗೆ ಕೂಗಿ ಕೊಂಡುಕೊಂಡ, ಮೂರು ವರ್ಷದ ಮೇಲೆ ದೇಶಕ್ಕೆ ದಾನ ಕೊಟ್ಟುಬಿಟ್ಟ.

ಓಲ್ಡ್ ಸೇರಮ್

ಏಮ್ಸ್‌ಬರಿಯಿಂದ ಎ345ರಲ್ಲಿ ದಕ್ಷಿಣಕ್ಕೆ ಬರುವಾಗ, ಸಾಲ್ಸ್‌ಬರಿ ಇನ್ನು 3 ಕಿ.ಮೀ. ಇರುವಂತೆ ಬಲಕ್ಕೆ ದೊಡ್ಡ ಮಣ್ಣುದಿಬ್ಬ. ಇದೇ ಹಳೆಯ ಸಾಲ್ಸ್‌ಬರಿ. ಮೇಲೆ ಕೋಟೆಯೂ ಕ್ಯಾಥೆಡ್ರಲ್ಲೂ ಒಟ್ಟಿಗಿದ್ದವು. ಗಾಳಿಯ ಹೊಡೆತ, ನೀರಿನ ಬರ, ಸೈನಿಕರ ಜೊತೆ ಪಾದ್ರಿಗಳ ನಿತ್ಯದ ಜಗಳ. ಸಾಕಾಗಿ 1220ರಲ್ಲಿ ಕೆಳಗಿನ ಹೊಳೆಬಯಲಿನಲ್ಲಿ ಹೊಸ ಕ್ಯಾಥೆಡ್ರಲ್‌ಗೆ ಅಡಿಗಲ್ಲು ಹಾಕಿದರು, ಊರೂ ಅದರ ಹಿಂದೆ ಇಳಿದುಹೋಯಿತು. ಹಳೆಯ ಕ್ಯಾಥೆಡ್ರಲ್‌ನ ತಳಪಾಯದ ಗುರುತು ಹುಲ್ಲಿನಲ್ಲಿ ಹಾಗೇ ಇದೆ. ಅಷ್ಟು ನೋಡಲು ಟಿಕೆಟ್ ಬೇಡ, ಒಳಗಿನ ಕೋಟೆಗೆ ಮಾತ್ರ ಬೇಕು.

ಊರು ಖಾಲಿಯಾದರೂ 1832ರ ಚುನಾವಣಾ ಸುಧಾರಣೆಯವರೆಗೆ ಈ ದಿಬ್ಬ ಇಬ್ಬರು ಸಂಸದರನ್ನು ಆರಿಸಿ ಕಳಿಸುತ್ತಿತ್ತು! ಮತದಾರರು ಬೆರಳೆಣಿಕೆಯಷ್ಟು, ಜಮೀನು ಯಾರದೋ ಕ್ಷೇತ್ರ ಅವರದು. ಆ ಜಮೀನನ್ನು ಕೊಂಡವನು ಥಾಮಸ್ ಪಿಟ್, ಭಾರತದ ವ್ಯಾಪಾರದಲ್ಲಿ ಹಣ ಮಾಡಿದವನು, ಮುಂದೆ ಮದ್ರಾಸಿನ ಗವರ್ನರ್. ಕೃಷ್ಣಾ ತೀರದ ಕೊಲ್ಲೂರು ಗಣಿಯ ದೊಡ್ಡ ವಜ್ರವೊಂದು ಅವನ ಕೈಸೇರಿ, 1717ರಲ್ಲಿ ಫ್ರಾನ್ಸಿನ ರಾಜಪ್ರತಿನಿಧಿಗೆ ಮಾರಾಟವಾಗಿ, ಈಗ ಪ್ಯಾರಿಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಅವನ ಮೊಮ್ಮಗ, ಮುಂದೆ ಪ್ರಧಾನಿಯಾದ ಹಿರಿಯ ವಿಲಿಯಂ ಪಿಟ್, 1735ರಲ್ಲಿ ಮೊದಲು ಸಂಸತ್ತಿಗೆ ಹೋದದ್ದು ಈ ಖಾಲಿ ದಿಬ್ಬದಿಂದ. ದಿಬ್ಬದ ಅಂಚಿನಲ್ಲಿ ನಿಂತರೆ ಕೆಳಗೆ ಕ್ಯಾಥೆಡ್ರಲ್‌ನ ಶಿಖರ ಸೂಜಿಯಂತೆ ಕಾಣುತ್ತದೆ.

ಚಾಲಕರಿಗೆ

ಭಾರತದ ಚಾಲನಾ ಪರವಾನಗಿ ಇಟ್ಟುಕೊಂಡು ಬಂದ ಪ್ರವಾಸಿ 12 ತಿಂಗಳವರೆಗೆ ಇಲ್ಲಿ ಕಾರು ಓಡಿಸಬಹುದು. ನಮ್ಮಂತೆಯೇ ಎಡಬದಿ. ಕಷ್ಟ ಬರುವುದು ವೃತ್ತಗಳಲ್ಲಿ: ಬಲಗಡೆಯಿಂದ ಬರುವವರಿಗೆ ದಾರಿ ಬಿಟ್ಟೇ ನುಗ್ಗಬೇಕು. ವೇಗದ ಲೆಕ್ಕ ಮೈಲಿಯಲ್ಲಿ. ಊರೊಳಗೆ ಸಾಮಾನ್ಯವಾಗಿ 30, ಕೆಲವೆಡೆ 20, ಹೊರಗಿನ ಒಂಟಿ ರಸ್ತೆಯಲ್ಲಿ ಹೆಚ್ಚೆಂದರೆ 60, ಜೋಡಿ ರಸ್ತೆಯಲ್ಲಿ 70. ಕ್ಯಾಮೆರಾಗಳಿವೆ, ದಂಡದ ಪತ್ರ ಬಾಡಿಗೆ ಕಾರಿನ ಕಂಪನಿಯ ಮೂಲಕ ಊರಿಗೇ ಬರುತ್ತದೆ. ಗೇರಿಲ್ಲದ ಆಟೊಮ್ಯಾಟಿಕ್ ಕಾರು ಬೇಕಿದ್ದರೆ ಮೊದಲೇ ಹೇಳಿ ಇರಿಸಿ. ಠೇವಣಿಗೆ ಚಾಲಕರ ಹೆಸರಿನ ಕ್ರೆಡಿಟ್ ಕಾರ್ಡನ್ನೇ ಕೇಳುತ್ತಾರೆ. 12 ವರ್ಷ ತುಂಬುವವರೆಗೆ ಅಥವಾ 135 ಸೆಂ.ಮೀ. ಎತ್ತರವಾಗುವವರೆಗೆ ಮಕ್ಕಳಿಗೆ ತಕ್ಕ ಸೀಟು ಕಡ್ಡಾಯ. ರಸ್ತೆ ಬದಿಯಲ್ಲಿ ಜೋಡಿ ಹಳದಿ ಗೆರೆ ಇದ್ದರೆ ಅಲ್ಲಿ ಕಾರು ಬಿಡುವಂತಿಲ್ಲ. ಕಿರುದಾರಿಗಳಲ್ಲಿ ಎದುರು ಟ್ರ್ಯಾಕ್ಟರ್ ಬಂದರೆ ಅಗಲವಿರುವ ಕಡೆಗೆ ಹಿಂದೆ ಸರಿದು ದಾರಿ ಕೊಡಿ, ಅವರು ಕೈಯೆತ್ತಿ ನಮಸ್ಕರಿಸುತ್ತಾರೆ, ನೀವೂ ಎತ್ತಿ.

ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಈ ದಾರಿಗೆ ಒಳ್ಳೆಯ ಕಾಲ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು, ಆಗ ಕುದುರೆಯನ್ನೂ ಓಲ್ಡ್ ಸೇರಮನ್ನೂ ಬಿಟ್ಟುಬಿಡಿ. ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ವಿದೇಶಿ ಪ್ರವಾಸಿಗಳಿಗೆ ಕೊಡುವ ಪಾಸಿನಲ್ಲಿ ಸ್ಟೋನ್‌ಹೆಂಜ್, ಓಲ್ಡ್ ಸೇರಮ್ ಎರಡೂ ಸೇರಿವೆ. ಹೆಚ್ಚು ದಿನ ತಿರುಗುವವರಿಗೆ ಲಾಭ. ಕಾರೇ ಬೇಡವೆನ್ನುವವರಿಗೆ ಬಾತ್‌ನಿಂದ ಸಾಲ್ಸ್‌ಬರಿಗೆ ನೇರ ರೈಲಿದೆ, ಸುಮಾರು ಒಂದು ಗಂಟೆ. ಬ್ರಾಡ್‌ಫರ್ಡ್‌ನಲ್ಲಿ ಇಳಿದು ಹತ್ತಬಹುದು, ವೆಸ್ಟ್‌ಬರಿಯ ಕುದುರೆ ಕಿಟಕಿಯಿಂದಲೇ ಕಾಣುತ್ತದೆ, ಸಾಲ್ಸ್‌ಬರಿಯಿಂದ ಸ್ಟೋನ್‌ಹೆಂಜ್‌ಗೆ ಪ್ರವಾಸಿ ಬಸ್ಸು ಸಿಗುತ್ತದೆ. ಲೇಕಾಕ್ ಮಾತ್ರ ತಪ್ಪುತ್ತದೆ.

ಸಾಲ್ಸ್‌ಬರಿ

ರಾತ್ರಿ ಇಲ್ಲೇ ಉಳಿಯಿರಿ. ಅವಸರದಲ್ಲಿ ಸಂಜೆ ಐದಕ್ಕೆ ಕ್ಯಾಥೆಡ್ರಲ್‌ಗೆ ಓಡಿದರೆ ಮುಖ್ಯವಾದ ಕೋಣೆ ಮುಚ್ಚಿರುತ್ತದೆ. ಆ ಸಂಜೆಗೆ ಗಾಯಕವೃಂದದ ಪ್ರಾರ್ಥನೆ ಇದ್ದರೆ ಹೋಗಿ ಸುಮ್ಮನೆ ಕೂತು ಕೇಳಿ, ಅದಕ್ಕೆ ದುಡ್ಡಿಲ್ಲ, ಯಾವ ಧರ್ಮದವರೆಂದು ಯಾರೂ ಕೇಳುವುದಿಲ್ಲ. ಆಮೇಲೆ ಹಾರ್ನಮ್ ಕಡೆಯ ನೀರುಗಾವಲುಗಳ ಕಾಲುದಾರಿಯಲ್ಲಿ ಹೋಗಿ ಹಿಂತಿರುಗಿ ನೋಡಿ. ಚಿತ್ರಕಾರ ಕಾನ್‌ಸ್ಟೆಬಲ್ 1831ರಲ್ಲಿ ಪ್ರದರ್ಶಿಸಿದ ತನ್ನ ದೊಡ್ಡ ಚಿತ್ರದಲ್ಲಿ ಕ್ಯಾಥೆಡ್ರಲ್ಲನ್ನು ಕಂಡದ್ದು ಈ ಹುಲ್ಲುಗಾವಲಿನ ಕಡೆಯಿಂದಲೇ.

ಬೆಳಿಗ್ಗೆ ಒಳಗೆ ಹೋಗಿ. ಮುಖ್ಯ ಕಟ್ಟಡವನ್ನು 38 ವರ್ಷಗಳಲ್ಲಿ ಮುಗಿಸಿದರು. 123 ಮೀಟರ್ ಎತ್ತರದ ಶಿಖರ ಆಮೇಲೆ ಸೇರಿದ್ದು, ಬ್ರಿಟನ್ನಿನಲ್ಲಿ ಇದಕ್ಕಿಂತ ಎತ್ತರದ ಚರ್ಚ್ ಶಿಖರವಿಲ್ಲ. ತಳಪಾಯದ ಆಳ ಮಾತ್ರ ಒಂದು ಮೀಟರಿಗಿಂತ ತುಸು ಹೆಚ್ಚು, ಕೆಳಗೆ ನೀರು ತುಂಬಿದ ಜಲ್ಲಿಯ ಪದರ. ಶಿಖರ ಮತ್ತು ಗೋಪುರದ ಸುಮಾರು 6,500 ಟನ್ ಭಾರಕ್ಕೆ ನಡುವಿನ ನಾಲ್ಕು ಕಂಬಗಳು ಬಾಗಿವೆ. ಒಂದು ಕಂಬಕ್ಕೆ ಬೆನ್ನು ಹಚ್ಚಿ ನಿಂತು ಮೇಲಕ್ಕೆ ನೋಡಿದರೆ ಬಾಗು ಕಾಣುತ್ತದೆ. ಇದೇ ಊರಿನ ಶಾಲೆಯಲ್ಲಿ ಮೇಷ್ಟರಾಗಿದ್ದ ವಿಲಿಯಂ ಗೋಲ್ಡಿಂಗ್ 'ದಿ ಸ್ಪೈರ್' (ಶಿಖರ) ಕಾದಂಬರಿ ಪ್ರಕಟಿಸಿದ್ದು 1964ರಲ್ಲಿ. 1386ರದ್ದೆನ್ನುವ ಗಡಿಯಾರಕ್ಕೆ ಮುಖವೂ ಇಲ್ಲ, ಮುಳ್ಳುಗಳೂ ಇಲ್ಲ, ಗಂಟೆ ಹೊಡೆಯುವುದಷ್ಟೇ ಅದರ ಕೆಲಸವಾಗಿತ್ತು. 332 ಮೆಟ್ಟಿಲು ಹತ್ತಬಲ್ಲವರಿಗೆ ಗೋಪುರದ ಪ್ರವಾಸವಿದೆ.

ಕೊನೆಗೆ ಎಂಟು ಮೂಲೆಯ ಸಭಾಮಂಟಪಕ್ಕೆ ಬನ್ನಿ. ಕಿಂಗ್ ಜಾನ್‌ನ 1215ರ ಹಕ್ಕುಪತ್ರವಾದ ಮ್ಯಾಗ್ನಾ ಕಾರ್ಟಾದ ಉಳಿದಿರುವ ನಾಲ್ಕು ಪ್ರತಿಗಳಲ್ಲಿ ಅತ್ಯಂತ ಚೆನ್ನಾಗಿ ಉಳಿದದ್ದು ಇಲ್ಲಿದೆ. ಕತ್ತಲೆಯ ಗೂಡಿನೊಳಗೆ ಒಂದೇ ಒಂದು ಚರ್ಮದ ಹಾಳೆ, ಅದರಲ್ಲಿ ಸುಮಾರು 3,500 ಲ್ಯಾಟಿನ್ ಪದಗಳು. ಕಾವಲಿಗಿರುವ ಹಿರಿಯರನ್ನು ಕೇಳಿದರೆ ಸಂತೋಷದಿಂದ ಓದಿ ತೋರಿಸುತ್ತಾರೆ. ಮೊದಲ ಸಾಲುಗಳಲ್ಲಿ ರಾಜನ ಸಲಹೆಗಾರರ ಪಟ್ಟಿ ಬರುತ್ತದೆ. ಅದರಲ್ಲಿ ಸಾಲ್ಸ್‌ಬರಿಯ ಅರ್ಲ್ ವಿಲಿಯಂ ಎಂಬ ಹೆಸರಿದೆ. ಎಲಾಳ ಗಂಡ. ಐದು ವರ್ಷದ ಮೇಲೆ ಈ ಕ್ಯಾಥೆಡ್ರಲ್‌ನ ಅಡಿಗಲ್ಲುಗಳನ್ನು ಇಟ್ಟವರಲ್ಲಿ ಗಂಡ ಹೆಂಡತಿ ಇಬ್ಬರೂ ಇದ್ದರು. ಇಲ್ಲಿ ಮೊದಲು ಹೂಳಿದ್ದು ವಿಲಿಯಂನನ್ನೇ. ಗುರಾಣಿಯ ಮೇಲೆ ಆರು ಸಿಂಹ ಹೊತ್ತ ಕಲ್ಲಿನ ಯೋಧನಾಗಿ ಅವನು ಒಳಗೆ ಮಲಗಿದ್ದಾನೆ, ಹಿಂದಿನ ದಿನ ಬೆಳಿಗ್ಗೆ ಲೇಕಾಕ್‌ನ ಪಡಸಾಲೆಯಲ್ಲಿ ನಾವು ನಿಂತು ನೋಡಿದ ಕಲ್ಲು ಅವಳದು.